ಪೆಟ್ ತಿಂದ ಪೆಟ್ಟು

"ಪ್ರಾಣ ಕೊಟ್ಟು ಕಾಯುತ್ತೇನೆ, ಓ ತೇಜಸ್ವಿಯೇ" ಎಂದು ನನಗೆ ಈವರೆಗೆ ಹೇಳಿರುವವನು ಒಬ್ಬನೇ. ಹೆಸರು ಜೆಬಾರ್ಟಿಕ್. ಮೈಯೆಲ್ಲ ಮಣ್ಣು, ಕತ್ತು ಇದ್ದೂ ಇಲ್ಲದ ಹಾಗೆ, ನಡೆದರೆ ಗೋಡೆಯೇ ಎದ್ದು ಬಂದಂತೆ. ಹಾಗೆ ಮಾತು ಕೊಟ್ಟವನು ಕೊಟ್ಟ ಜಾಗದಲ್ಲೇ ಗೂಟ ಬಡಿದಂತೆ ನಿಂತ. ನಾನು ಅವನನ್ನು ನಿಲ್ಲಿಸಿದ್ದೇ ಮರೆತು ಎರಡು ಗುಡ್ಡ ದಾಟಿ ಹೋಗಿ ಅಲ್ಲಿ ಸತ್ತೆ. ಅವನದೇನೂ ತಪ್ಪಿಲ್ಲ. "ಇಲ್ಲೇ ಕಾಯಿ" ಅಂದಿದ್ದೆ, ಇಲ್ಲೇ ಕಾದ. "ನನ್ನನ್ನು ಕಾಯಿ" ಅಂತ ನಾನೆಲ್ಲಿ ಹೇಳಿದ್ದೆ?

ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟ ಶುರುವಾಗಿದ್ದು 1999ರ ಮಾರ್ಚ್ 16ರಂದು. ಇವತ್ತಿಗೂ ನಡೆಯುತ್ತಿದೆ. ಅದರೊಳಗಿನ ಲೋಕದ ಹೆಸರು ನೋರಾಥ್. ನಾನು ಆಡುವುದು ಹಳೇ ಕಾಲದ ನಿಯಮಗಳನ್ನು ಹಾಗೇ ಉಳಿಸಿಕೊಂಡಿರುವ ಸರ್ವರಿನಲ್ಲಿ. ಅಂದರೆ ಈಗಿನ ಆಟಗಳಲ್ಲಿರುವ ಯಾವ ದಯೆ ದಾಕ್ಷಿಣ್ಯವೂ ಇಲ್ಲಿಲ್ಲ. ಸತ್ತರೆ ಉಟ್ಟಿದ್ದು, ತೊಟ್ಟಿದ್ದು, ಕೈಯಲ್ಲಿದ್ದ ಕಾಸು ಎಲ್ಲವೂ ಹೆಣದ ಮೇಲೇ ಉಳಿಯುತ್ತದೆ. ನೀವು ಮಾತ್ರ ಎಲ್ಲೋ ದೂರದ ಊರ ಬಾಗಿಲಲ್ಲಿ ಬರಿಮೈಯಲ್ಲಿ ಎದ್ದು ನಿಲ್ಲುತ್ತೀರಿ. ನಿಮ್ಮ ಹೆಣವನ್ನು ನೀವೇ ಹುಡುಕಿಕೊಂಡು ಹೋಗಬೇಕು. ಬೇರೆಯವರು ಇದನ್ನು ಮನರಂಜನೆ ಅಂತ ಒಪ್ಪುವುದಿಲ್ಲ. ಅವರಿಗೆ ವಿವರಿಸುವ ಪ್ರಯತ್ನವನ್ನು ನಾನು ಬಿಟ್ಟು ಬಹಳ ದಿನವಾಯಿತು.

ಆಟಕ್ಕೆ ಸೇರುವಾಗ ಯಾವ ಕಸುಬು ಬೇಕು ಅಂತ ಕೇಳುತ್ತದೆ. ಯೋಧನಾದರೆ ಮುಂದೆ ನಿಂತು ಏಟು ತಿನ್ನಬೇಕು. ಕ್ಲೆರಿಕ್ ಆದರೆ ಏಟು ತಿಂದವರಿಗೆಲ್ಲ ಮದ್ದು ಮಾಡುತ್ತಾ, ಯಾರಾದರೂ ಸತ್ತರೆ ಬೈಸಿಕೊಳ್ಳಬೇಕು. ಕೊನೆಗೆ ಕಣ್ಣಿಗೆ ಬಿದ್ದಿದ್ದು ಮೆಜಿಷಿಯನ್. ಮಂತ್ರ ಹಾಕಿ ಒಂದು ಭೂತವನ್ನು ಕರೆಯುವುದು, "ಹೋಗಿ ಹೊಡಿ" ಅನ್ನುವುದು, ಹಿಂದೆ ಕೂತಿರುವುದು. ಇದು ನನಗೇ ಅಂತ ಮಾಡಿಟ್ಟ ಕೆಲಸ ಅನ್ನಿಸಿತು. ಏಟಿಗೆ ಅವನು, ಹೆಸರಿಗೆ ನಾನು. ಜೀವನದಲ್ಲಿ ಕೈಕೆಳಗೆ ಒಬ್ಬ ಆಳಿಲ್ಲದೆ, ಎಲ್ಲರ ಕೈಕೆಳಗೂ ಆಳಾಗಿ ದುಡಿದವನಿಗೆ ಈ ಆಸೆ ಬರುವುದು ಸಹಜ.

ಇಂಥ ಭೂತಕ್ಕೆ ಆಟದವರ ಬಾಯಲ್ಲಿ 'ಪೆಟ್' ಅಂತ ಹೆಸರು. ಇಂಗ್ಲಿಷಿನವರಿಗೆ ಅದು ಮುದ್ದಿನ ಸಾಕುಪ್ರಾಣಿ. ಕನ್ನಡದ ಕಿವಿಗೆ ಅದರ ಕೊನೆಯಲ್ಲೊಂದು 'ಟು' ಕೇಳಿಸಿಯೇ ಕೇಳಿಸುತ್ತದೆ. ಪೆಟ್ಟು ಕೊಡುವುದೂ ಪೆಟ್, ಪೆಟ್ಟು ತಿನ್ನುವುದೂ ಪೆಟ್. ಆ ಪೆಟ್ಟಿನಲ್ಲಿ ನನಗೂ ಒಂದು ಪಾಲಿದೆ ಅನ್ನುವುದು ಮಾತ್ರ ಕಸುಬು ಆರಿಸಿಕೊಳ್ಳುವಾಗ ಹೊಳೆಯಲಿಲ್ಲ.

ಮೊದಲ ಗ್ರಹಚಾರ ಏನೆಂದರೆ, ಪೆಟ್ ಮೊದಲ ದಿನ ಸಿಗುವುದಿಲ್ಲ. ನಮ್ಮ ದಾಯಾದಿ ಕಸುಬಿನ ನೆಕ್ರೊಮ್ಯಾನ್ಸರ್‌ಗೆ ಮೊದಲ ಲೆವೆಲಿನಲ್ಲೇ ಒಂದು ಅಸ್ಥಿಪಂಜರ ಕೊಡುತ್ತಾರೆ. ಮೆಜಿಷಿಯನ್ ಮಾತ್ರ 4ನೇ ಲೆವೆಲ್‌ವರೆಗೆ ಕಾಯಬೇಕು. ಅಲ್ಲಿಯವರೆಗೆ ನಾನು ರೇಷ್ಮೆಯ ನಿಲುವಂಗಿ ತೊಟ್ಟು ಕ್ವೀನೊಸ್ ಊರ ಗೋಡೆಯ ಪಕ್ಕದಲ್ಲಿ ಇಲಿಗಳ ಜೊತೆ ಮಲ್ಲಯುದ್ಧ ಮಾಡಿದೆ. ನಿಲುವಂಗಿ ಅಂದೆನಲ್ಲ, ಆಗ ತೊಟ್ಟಿದ್ದು ಹರಕಲು ಬಟ್ಟೆ. ರೇಷ್ಮೆ ಆಮೇಲೆ ಬಂತು. ನೆನಪಿನಲ್ಲಿ ನಾನು ಯಾವಾಗಲೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತೇನೆ. ಇಲಿ ಒಂದು ಸಲ ಗೆದ್ದರೆ ನಾನೊಂದು ಸಲ ಗೆಲ್ಲುತ್ತಿದ್ದೆ. ಒಟ್ಟು ಲೆಕ್ಕದಲ್ಲಿ ಇಲಿಗಳದೇ ಮೇಲುಗೈ ಇದ್ದಿರಬೇಕು.

ನಾಲ್ಕನೇ ಲೆವೆಲ್ ಬಂದ ರಾತ್ರಿ ನೆಲ, ನೀರು, ಬೆಂಕಿ, ಗಾಳಿ, ಈ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ಕರೆಯುವ ಅಧಿಕಾರ ಸಿಕ್ಕಿತು. ಗಾಳಿಯದು ಶತ್ರುವಿನ ತಲೆ ಗಿರ್ರನೆ ತಿರುಗಿಸುತ್ತದೆ. ಬೆಂಕಿಯದನ್ನು ಹೊಡೆದವರ ಕೈಯೇ ಸುಡುತ್ತದೆ, ಆದರೆ ಜೀವ ಗಟ್ಟಿಯಿಲ್ಲ. ನೆಲದ್ದು ಗಟ್ಟಿ ಜೀವ; ಶತ್ರುವಿನ ಕಾಲಿಗೆ ಬೇರು ಸುತ್ತಿ ನಿಂತಲ್ಲೇ ನಿಲ್ಲಿಸುತ್ತದೆ. ನನಗೆ ಮಣ್ಣಿನವನೇ ಹಿಡಿಸಿದ. ನಿಧಾನಸ್ಥ, ನಂಬಿಕಸ್ಥ ಅಂತ ಮುಖ ನೋಡಿಯೇ ತೀರ್ಮಾನಿಸಿದೆ. ಮುಖ ನೋಡಿ ಆಳು ಇಟ್ಟುಕೊಳ್ಳಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಒಂದು ಸಲ ಕರೆಯಲು ಮ್ಯಾಲಕೈಟ್ ಅನ್ನುವ ಕಲ್ಲು ಬೇಕು. ಮಂತ್ರ ಮುಗಿಯುತ್ತಿದ್ದಂತೆ ಕಲ್ಲು ಕರಗಿ ಹೋಗುತ್ತದೆ, ಭೂತ ಎದ್ದು ನಿಲ್ಲುತ್ತದೆ. ಇದರಲ್ಲೊಂದು ಲಾಟರಿಯೂ ಇದೆ. ಅದೇ ಮಂತ್ರ, ಅದೇ ಕಲ್ಲು, ಆದರೆ ಬರುವ ಭೂತ ಒಂದು ಸಲ ಬಲಶಾಲಿ, ಇನ್ನೊಂದು ಸಲ ಸಾಧಾರಣ, ಮತ್ತೊಂದು ಸಲ ಬರಿ ಮಣ್ಣಿನ ಹೆಂಟೆ. ಅನುಭವಸ್ಥರು ಒಳ್ಳೆಯದು ಸಿಗುವವರೆಗೆ ಬಂದವನನ್ನು ವಾಪಸು ಕಳಿಸಿ ಮತ್ತೆ ಮತ್ತೆ ಕರೆಯುತ್ತಾರೆ. ಪ್ರತಿ ಸಲ ಹೊಸ ಹೆಸರು. ಗೊನೋಬ್ಟಿಕ್, ಝೆಬಾನರ್, ಕಸೇಕರ್, ನಾಲ್ಕಾರು ಅಕ್ಷರ ಚೀಲಕ್ಕೆ ಹಾಕಿ ಕುಲುಕಿ ಸುರಿದ ಹಾಗೆ. ನನಗೆ ಮಾತ್ರ ಇದು ಕೈಲಾಗಲಿಲ್ಲ. "ಹೋಗು" ಅಂದಾಗ ಅವನು "ಅಪ್ಪಣೆಯಂತೆ ಆಗಲಿ, ಮಹಾಪ್ರಭು" ಅನ್ನುತ್ತಾನೆ. ಹುಟ್ಟಿ ಹತ್ತು ಸೆಕೆಂಡ್ ಆಗಿಲ್ಲ, ಒಂದು ಏಟು ಹೊಡೆದಿಲ್ಲ, ಒಂದು ತಪ್ಪು ಮಾಡಿಲ್ಲ, ಇಷ್ಟು ಮರ್ಯಾದೆಯಿಂದ ಮಾತಾಡುವವನನ್ನು ಹೇಗೆ ಹೊರಗೆ ಹಾಕುವುದು? ಹಾಗಾಗಿ ಬಂದವನನ್ನೇ ಇಟ್ಟುಕೊಳ್ಳುತ್ತಿದ್ದೆ. ನೋರಾಥಿನ ಅತಿ ದುರ್ಬಲ ಪೆಟ್‌ಗಳಿಗೆಲ್ಲ ಖಾಯಂ ನೌಕರಿ ಸಿಕ್ಕಿದ್ದು ನನ್ನ ಹತ್ತಿರ.

ಈ ವಿನಯವೇ ನೋಡಿ ನನ್ನನ್ನು ಕೆಡಿಸಿದ್ದು. ಹೊಡಿ ಅಂದರೆ "ಹೊಡೆಯುತ್ತಿದ್ದೇನೆ, ಒಡೆಯ". ಬಿಡು ಅಂದರೆ "ಕ್ಷಮಿಸಿ, ಒಡೆಯ, ಬಿಟ್ಟೆ". ಸಾಯುವಾಗ, ಸಾಯುವಾಗಲೂ, "ತಮ್ಮ ಕೆಲಸ ಕೈಗೂಡಿಸಲಾಗಲಿಲ್ಲ, ಮನ್ನಿಸಿ ಮಹಾಪ್ರಭು". ಇಷ್ಟನ್ನು ದಿನಕ್ಕೆ ಮೂವತ್ತು ಸಲ ಕೇಳಿದವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಒಂದು ದಿನ ಕಂಪ್ಯೂಟರ್ ಮುಚ್ಚಿ ಎದ್ದವನು ಮಗಳಿಗೆ "ನೀರು" ಅಂದೆ, ಬರಿ "ನೀರು" ಅಂತ. ಅವಳು ನನ್ನನ್ನು ನೋಡಿದ ನೋಟದಲ್ಲಿ ಒಡೆಯನೂ ಇರಲಿಲ್ಲ, ಮಹಾಪ್ರಭುವೂ ಇರಲಿಲ್ಲ. ನಾನೇ ಹೋಗಿ ಕುಡಿದು ಬಂದೆ.

ಪೆಟ್‌ಗೆ ಅಪ್ಪಣೆ ಕೊಡುವ ಮೊದಲು ಗುರಿ ತೋರಿಸಬೇಕು. ಮೌಸಿನಿಂದ ಯಾರನ್ನು ಒತ್ತಿದ್ದೀರೋ ಅವರೇ ಗುರಿ. ಕ್ವೀನೊಸ್ ಊರಿನ ಹೆಬ್ಬಾಗಿಲಿಗೆ ಫಿಪ್ಪಿ ಡಾರ್ಕ್‌ಪಾ ಅನ್ನುವ ಒಂದು ನೋಲ್ ಬರುತ್ತದೆ. ನೋಲ್ ಅಂದರೆ ನಾಯಿಮುಖದ, ಎರಡು ಕಾಲಿನ ಜಾತಿ. ಈ ಫಿಪ್ಪಿಗೆ ಒಂದೇ ಹಟ. ಒಬ್ಬನೇ ಕೂಗಾಡಿಕೊಂಡು ಬಂದು ಇಡೀ ಊರಿನ ಮೇಲೆ ದಂಡೆತ್ತುವುದು, ಕಾವಲುಗಾರರ ಕೈಯಲ್ಲಿ ಸಾಯುವುದು, ಮತ್ತೆ ಸ್ವಲ್ಪ ಹೊತ್ತಿಗೆ ಹುಟ್ಟಿ ಬರುವುದು. ವರ್ಷಾನುಗಟ್ಟಲೆಯಿಂದ ಅವನು ಇದನ್ನೇ ಮಾಡುತ್ತಿದ್ದಾನೆ. ಕಾವಲುಗಾರರಿಗಿಂತ ಮೊದಲು ಅವನನ್ನು ಹೊಡೆದು ಹಾಕಿದರೆ ಹೊಸಬರಿಗೆ ಒಂದು ಹೆಮ್ಮೆ. ನಾನೂ ಕಾದು ನಿಂತಿದ್ದೆ. ಫಿಪ್ಪಿ ಬಂದ. ಕಾವಲುಗಾರ ಅಡ್ಡ ನುಗ್ಗಿದ. ನಾನು ಗಡಿಬಿಡಿಯಲ್ಲಿ ಒತ್ತಿದೆ, ಹೊಡಿ ಅಂದೆ. "ಕಾವಲುಗಾರರನ್ನು ಹೊಡೆಯುತ್ತಿದ್ದೇನೆ, ಒಡೆಯ" ಅಂತ ಉತ್ತರ ಬಂತು.

ಆ ವಾಕ್ಯ ಓದಿ ಅರ್ಥ ಮಾಡಿಕೊಳ್ಳಲು ಬೇಕಾದಷ್ಟು ಕಾಲವನ್ನೂ ಕಾವಲುಗಾರ ಕೊಡಲಿಲ್ಲ. ನನ್ನ ಮಣ್ಣಿನವನನ್ನು ಮುಗಿಸಿ, ಅವನ ಕೊನೆಯ ಕ್ಷಮಾಪಣೆ ಪರದೆಯ ಮೇಲೆ ಇರುವಾಗಲೇ ನನ್ನ ಕಡೆ ತಿರುಗಿದ. ನಾನು ಕ್ವೀನೊಸಿನ ಪ್ರಜೆ, ಇದೇ ಊರಿನಲ್ಲಿ ಹುಟ್ಟಿದವನು, ಆದರೂ ಮಾತಿಗೆ ಅವಕಾಶವಿರಲಿಲ್ಲ. ಬಿದ್ದ ಮೇಲೆ ಪಕ್ಕದಲ್ಲೇ ಫಿಪ್ಪಿಯ ಹೆಣವೂ ಬಿದ್ದಿದ್ದು ಕಂಡಿತು. ಒಂದೇ ಹೊತ್ತಿನಲ್ಲಿ ಊರಿನ ಮೇಲೆ ದಂಡೆತ್ತಿ ಬಂದ ಇಬ್ಬರು ಅಂತ ನೋಡಿದವರು ಅಂದುಕೊಂಡಿರಬೇಕು.

ಹಳೇ ನಿಯಮಗಳಲ್ಲಿ ಇನ್ನೊಂದು ಚಂದದ ಏರ್ಪಾಡಿದೆ. ಮಾನಾ, ಅಂದರೆ ಮಂತ್ರದ ಶಕ್ತಿ, ಖರ್ಚಾದ ಮೇಲೆ ಬೇಗ ತುಂಬಿಕೊಳ್ಳಬೇಕಾದರೆ ಕೂತು ಮಂತ್ರದ ಪುಸ್ತಕ ತೆರೆದು ನೋಡುತ್ತಿರಬೇಕು. ಪುಸ್ತಕ ತೆರೆದರೆ ಪರದೆಯ ತುಂಬಾ ಪುಸ್ತಕವೇ. ಹೊರಗಿನ ಲೋಕ ಕಾಣುವುದಿಲ್ಲ. 35ನೇ ಲೆವೆಲ್ ಮುಟ್ಟುವ ತನಕ ಇದೇ ಗತಿ. ಹುಲಿ ಕರಡಿ ಓಡಾಡುವ ಕಾಡಿನ ನಡುವೆ ಕೂತು, ಮುಖದ ಮುಂದೆ ಪುಸ್ತಕ ಹಿಡಿದು, ಕಿವಿಯನ್ನಷ್ಟೇ ನಂಬಿಕೊಂಡಿರುವುದು. ಹೆಜ್ಜೆ ಸಪ್ಪಳ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಬಹಳ ಸಲ ಅದು ನಮ್ಮದೇ ಪೆಟ್ ಕಾಲು ಬದಲಾಯಿಸಿದ ಸಪ್ಪಳ.

ಹೀಗೆ ಕೂತಿದ್ದಾಗ ಒಂದು ಸಂಜೆ ಮಗಳು ಹಿಂದೆ ಬಂದು ನಿಂತಳು. ಪರದೆಯ ತುಂಬಾ ಎರಡು ಪುಟ, ಅದರಲ್ಲಿ ಏನೇನೋ ಚಿತ್ರ.

"ಅಪ್ಪಾ, ಪುಸ್ತಕ ಓದ್ತಿದ್ದೀಯಾ?"

"ಹೂಂ."

ಸ್ವಲ್ಪ ಹೊತ್ತು ನಿಂತೇ ಇದ್ದಳು. "ಪುಟಾನೇ ತಿರುಗಿಸ್ತಿಲ್ಲ?"

"ಇದು ಹಾಗೆ ಓದೋ ಪುಸ್ತಕ ಅಲ್ಲಮ್ಮ."

"ಮತ್ತೆ ಬೆವರ್ತಿದ್ದೀಯ ಯಾಕೆ?"

ಉತ್ತರ ಹೇಳುವಷ್ಟರಲ್ಲಿ ಪುಸ್ತಕದ ಆಚೆಯಿಂದ ಧಡ್ ಧಡ್ ಅಂತ ಶುರುವಾಯಿತು. ಪುಸ್ತಕ ಮುಚ್ಚಿ ನೋಡಿದರೆ ಪೆಟ್ ಒಂದು ಕರಡಿಯ ಜೊತೆ ಕಾದಾಡುತ್ತಿದ್ದಾನೆ. ಕರಡಿಗೆ ಅವನು ಬೇಡ, ನಾನು ಬೇಕು. ಅವನಿಗೆ ಬೇರು ಸುತ್ತುವ ಮಂತ್ರ ಗೊತ್ತಲ್ಲ, ಸುತ್ತಿದ. ಕರಡಿ ನಿಂತಲ್ಲೇ ಕಟ್ಟಿಹೋಯಿತು. ಆದರೆ ಈ ಆಟದಲ್ಲಿ ಬೇರಿಗೆ ಸಿಕ್ಕಿದ ಪ್ರಾಣಿ ತನಗೆ ಎಲ್ಲರಿಗಿಂತ ಹತ್ತಿರ ಯಾರಿದ್ದಾರೋ ಅವರಿಗೇ ಹೊಡೆಯುತ್ತದೆ. ಹತ್ತಿರ ಇದ್ದವನು ನಾನು, ಕೂತಿದ್ದೆ ಬೇರೆ. ನನ್ನನ್ನು ಕಾಪಾಡಲು ಅವನು ಕರಡಿಯನ್ನು ನನ್ನ ಮಗ್ಗುಲಿಗೇ ಕಟ್ಟಿಹಾಕಿದ್ದ. ಮಗಳು "ಕಥೆ ಚೆನ್ನಾಗಿದೆ" ಅಂದು ಹೋದಳು.

ಗೆದ್ದಾಗಲೂ ಅಂಥ ಲಾಭವೇನಿಲ್ಲ. ಒಂದು ಪ್ರಾಣಿಗೆ ಬಿದ್ದ ಒಟ್ಟು ಏಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ ಕೊಟ್ಟಿದ್ದಾದರೆ, ಬರಬೇಕಾದ ಅನುಭವದ ಅಂಕದಲ್ಲಿ ಅರ್ಧ ಅವನ ಪಾಲಿಗೆ ಹೋಗುತ್ತದೆ. ಅವನಿಗೆ ಆ ಅಂಕದಿಂದ ಮೂರು ಕಾಸಿನ ಉಪಯೋಗವಿಲ್ಲ. ಅವನು ಬೆಳೆಯುವುದಿಲ್ಲ, ನಾಳೆ ಇರುವುದೂ ಇಲ್ಲ. ಸೋಮಾರಿತನಕ್ಕೆ ಅಂತ ಈ ಕಸುಬು ಹಿಡಿದವನು ಈಗ ಪ್ರತಿ ಜಗಳದಲ್ಲೂ ಅವನ ಏಟು ಎಷ್ಟು, ನನ್ನ ಏಟು ಎಷ್ಟು ಅಂತ ಲೆಕ್ಕ ಹಾಕುತ್ತಾ ಆಳಿನ ಜೊತೆ ಪೈಪೋಟಿಗೆ ಬಿದ್ದೆ.

ದಾನಧರ್ಮದ ವಿಷಯದಲ್ಲಿ ಮಾತ್ರ ಮೆಜಿಷಿಯನ್‌ಗೆ ಸಾಟಿ ಇಲ್ಲ. ಮಂತ್ರ ಹಾಕಿದರೆ ರೊಟ್ಟಿ ಬರುತ್ತದೆ, ನೀರು ಬರುತ್ತದೆ, ಕಠಾರಿ ಬರುತ್ತದೆ. ಕೇಳಿದವರಿಗೆಲ್ಲ ಕೊಡುತ್ತಿದ್ದೆ. ಹೊಸ ಹುಡುಗನೊಬ್ಬನಿಗೆ ಕೈಗೊಂದರಂತೆ ಎರಡು ಕಠಾರಿ ಕೊಟ್ಟೆ. ಅವನು ಕುಣಿದಾಡಿ ತನ್ನ ಹಳೇ ಕತ್ತಿಯನ್ನು ಅಂಗಡಿಯವನಿಗೆ ಮಾರಿಬಿಟ್ಟ. ಮಂತ್ರದಿಂದ ಬಂದ ಸಾಮಾನು ಆಟ ಮುಚ್ಚಿ ಹೋದರೆ ಮಾಯವಾಗುತ್ತದೆ ಅಂತ ಹೇಳುವುದನ್ನು ಮರೆತಿದ್ದೆ. ಮಾರನೇ ದಿನ ಅವನು ಬರಿಗೈಯಲ್ಲಿ ಎದ್ದು, ಊರ ಚೌಕದಲ್ಲಿ ನಿಂತು, ನನ್ನ ಹೆಸರು ಹಿಡಿದು ಕೂಗುತ್ತಿದ್ದ. ನಾನು ಅದೃಶ್ಯವಾಗುವ ಮಂತ್ರ ಹಾಕಿದೆ. ಅದೃಶ್ಯನಾದರೆ ಪೆಟ್ ಬಿಟ್ಟು ಹೋಗುತ್ತದೆ ಅನ್ನುವ ಹಳೇ ನಿಯಮ ಆಗ ನೆನಪಾಯಿತು. ಹುಡುಗನಿಂದ ಪಾರಾದೆ, ಒಂದು ಮ್ಯಾಲಕೈಟ್ ಮಣ್ಣುಪಾಲು.

ಈಗ ಕ್ಲೆರಿಕ್ ವಿಷಯ. ಆಕೆ ಡ್ವಾರ್ಫ್ ಅನ್ನುವ ಕುಳ್ಳರ ಜಾತಿಯವಳು, ಅಂದರೆ ಆಕೆಯ ಪಾತ್ರ. ಆ ಕಡೆ ಕೂತವರು ಯಾರೋ ನನಗೆ ಗೊತ್ತಿಲ್ಲ. ನನಗಿಂತ ಬಹಳ ಮೇಲಿನ ಲೆವೆಲ್. ದಾರಿಯಲ್ಲಿ ಸಿಕ್ಕವರಿಗೆಲ್ಲ ಗಾಯ ಮಾಯಿಸಿಕೊಂಡು ಹೋಗುವ ಪುಣ್ಯಾತ್ಮಳು. ಗುಡ್ಡದ ಮೇಲೆ ನಾನು ಏದುಸಿರು ಬಿಡುತ್ತಾ ಕೂತಿದ್ದಾಗ, ಕೇಳದೆಯೇ ನನಗೂ ನನ್ನ ಪೆಟ್‌ಗೂ ಗಾಯ ವಾಸಿ ಮಾಡಿ, "ಇನ್ನೂ ಸ್ವಲ್ಪ ಹೊತ್ತು ಇರಲಾ?" ಅಂತ ಕೇಳಿದರು. ಅದೇ ಹೊತ್ತಿಗೆ ನಾನು ನನ್ನ ಹಳೇ ಪೆಟ್ ಕಳಿಸಿ ಹೊಸದು ಕರೆಯಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಳಿಸುವುದಕ್ಕೆ ಟೈಪ್ ಮಾಡಬೇಕಾದ ಅಪ್ಪಣೆ 'ಪೆಟ್ ಗೆಟ್ ಲಾಸ್ಟ್'. ಮುಂದೆ ಒಂದು ಓರೆ ಗೆರೆ ಹಾಕಿದರೆ ಅದು ಅಪ್ಪಣೆ. ಗೆರೆ ಬಿಟ್ಟರೆ ಅದು ಮಾತು, ಸುತ್ತಲಿನವರಿಗೆಲ್ಲ ಕೇಳಿಸುತ್ತದೆ.

ಗೆರೆ ಬಿಟ್ಟೆ.

"ಇನ್ನೂ ಸ್ವಲ್ಪ ಹೊತ್ತು ಇರಲಾ?" ಅನ್ನುವ ಸಾಲಿನ ಸರಿಯಾಗಿ ಕೆಳಗೆ, ನನ್ನ ಹೆಸರಿನಲ್ಲಿ, "ಪೆಟ್ ಗೆಟ್ ಲಾಸ್ಟ್". ಇಂಗ್ಲಿಷಿನಲ್ಲಿ ಪೆಟ್ ಅಂದರೆ 'ಮುದ್ದು' ಅಂತಲೂ ಆಗುತ್ತದೆ. ಸಹಾಯಕ್ಕೆ ಬಂದವರಿಗೆ "ಮುದ್ದೂ, ತೊಲಗು" ಅಂದ ಹಾಗಾಯಿತು. ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾನು ತಡಬಡಿಸಿ "ನಿಮಗಲ್ಲ" ಅಂತ ಟೈಪ್ ಮಾಡುವಷ್ಟರಲ್ಲಿ ಗುಡ್ಡ ಇಳಿದು ಹೋಗಿಯಾಗಿತ್ತು. ನನ್ನ ಪೆಟ್ ಮಾತ್ರ ಎಲ್ಲಿಗೂ ಹೋಗದೆ, ಮಿಸುಕದೆ, ವಿಧೇಯನಾಗಿ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ.

ಇಷ್ಟಾದರೂ ನನ್ನ ಅವಾಂತರಗಳ ಪಟ್ಟಿಯಲ್ಲಿ ಇವೆಲ್ಲ ಚಿಲ್ಲರೆ. ದೊಡ್ಡದು ಬ್ಲ್ಯಾಕ್‌ಬರೋದಲ್ಲಿ ಆಯಿತು.

ಬ್ಲ್ಯಾಕ್‌ಬರೋ ಅಂದರೆ ಕ್ವೀನೊಸ್ ಬೆಟ್ಟಗಳ ಆಚೆ ಇರುವ ನೋಲ್‌ಗಳ ಬಿಲ. ನಮ್ಮ ಫಿಪ್ಪಿಯ ನೆಂಟರಿಷ್ಟರೆಲ್ಲ ಇರುವುದು ಅಲ್ಲೇ. ಅಂತಸ್ತಿನ ಮೇಲೆ ಅಂತಸ್ತು, ಸುತ್ತಿಕೊಂಡು ಇಳಿಯುವ ಸುರಂಗ, ನಡುನಡುವೆ ಕೆಳಕ್ಕೆ ಬೀಳಬಹುದಾದ ಗುಂಡಿ. ಆಗ ನಾನು 12ನೇ ಲೆವೆಲ್. ಹೊಸ ಮಂತ್ರದ ಹೊಸ ಪೆಟ್, ಹಿಂದಿನದಕ್ಕಿಂತ ದೊಡ್ಡವನು. ಎದುರಿಗೆ ನಿಂತರೆ ಅವನ ಬೆನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ನಾಲ್ಕು ಜನರ ಒಂದು ಗುಂಪು ಆರಾಮಾಗಿ ಬೇಟೆಯಾಡುತ್ತಿತ್ತು. ನನ್ನನ್ನೂ ಕರೆದರು. ಸುರಂಗ ಸುತ್ತಿ ಹೋಗುವುದು ಯಾಕೆ ಅಂತ ನಾನು ಗುಂಡಿಗೆ ಹಾರಿದೆ. ಸ್ವಲ್ಪ ಮಂಡಿ ತರಚಿತು, ಅಷ್ಟೇ. "ಬಂದೆ" ಅಂದೆ. "ಪೆಟ್ ಎಲ್ಲಿ?" ಅಂದರು.

ಪೆಟ್ ಹಾರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರ್ ಆಟಗಳಲ್ಲಿ ದಾರಿ ಹುಡುಕುವುದಕ್ಕೆ ತುಂಬಾ ಬಳಕೆಯಲ್ಲಿರುವ ಒಂದು ವಿಧಾನ ಎ-ಸ್ಟಾರ್, 1968ರಷ್ಟು ಹಳೆಯದು. ಕಾಲಿಡಬಹುದಾದ ಜಾಗಗಳನ್ನೆಲ್ಲ ಚುಕ್ಕಿಗಳಾಗಿ ಇಟ್ಟುಕೊಂಡು, ಇಲ್ಲಿಂದ ಅಲ್ಲಿಗೆ ಹೆಚ್ಚು ಖರ್ಚಿಲ್ಲದ ದಾರಿ ಯಾವುದು ಅಂತ ಅದು ಲೆಕ್ಕ ಹಾಕುತ್ತದೆ. ನನ್ನ ಪೆಟ್‌ನ ತಲೆಯೊಳಗೆ ಓಡುತ್ತಿದ್ದುದು ಇದೇನಾ ಅಥವಾ ಇದರ ದೂರದ ಸಂಬಂಧಿಯಾ, ಅದು ಇಲ್ಲಿ ಮುಖ್ಯವಲ್ಲ. ನೆಲದ ಮೇಲೆ ನಡೆದು ಹೋಗುವುದಷ್ಟೇ ದಾರಿ ಅಂತ ನಂಬಿದವನಿಗೆ ಗುಂಡಿ ಕಾಣುವುದೇ ಇಲ್ಲ. ಒಡೆಯ ನೇರ ಕೆಳಗಿದ್ದಾನೆ, ಹಾಗಾದರೆ ಸುರಂಗ ಸುತ್ತಿಕೊಂಡು ಇಳಿಯಬೇಕು. ಆ ದಾರಿಯಲ್ಲಿ ಯಾರ್‍ಯಾರ ಮನೆ ಇದೆ, ಯಾರು ಮಲಗಿದ್ದಾರೆ, ಯಾರಿಗೆ ಕೋಪ ಜಾಸ್ತಿ, ಇದ್ಯಾವುದೂ ಆ ಲೆಕ್ಕಕ್ಕೆ ಸೇರಿಲ್ಲ.

ಮೊದಲು ಕೇಳಿದ್ದು ದೂರದಲ್ಲೊಂದು ಬೊಗಳು. ಆಮೇಲೆ ಎರಡು. ಆಮೇಲೆ ಎಣಿಸಲಾಗಲಿಲ್ಲ. ಸುರಂಗದ ತಿರುವಿನಲ್ಲಿ ನನ್ನ ಮಣ್ಣಿನವನು ಕಾಣಿಸಿಕೊಂಡ. ಓಡುತ್ತಿರಲಿಲ್ಲ ಪಾಪ, ತನ್ನ ಎಂದಿನ ಗಾಂಭೀರ್ಯದಲ್ಲೇ ಬರುತ್ತಿದ್ದ. ಅವನ ಹಿಂದೆ ಮೂರು ಅಂತಸ್ತಿನ ನೋಲ್‌ಗಳು, ಮುದುಕರು, ಮರಿಗಳು, ಕಾವಲಿನವರು, ಇಡೀ ಬಿಲವೇ ಮೆರವಣಿಗೆ ಹೊರಟಿತ್ತು. ಇದಕ್ಕೆ ಎವರ್‌ಕ್ವೆಸ್ಟಿನಲ್ಲಿ 'ಟ್ರೇನ್' ಅನ್ನುತ್ತಾರೆ. ಎಂಜಿನ್ ಮುಂದೆ, ಬೋಗಿಗಳು ಹಿಂದೆ. ಟ್ರೇನ್ ತಂದವನು ಕನಿಷ್ಠ ಪಕ್ಷ "ಟ್ರೇನ್ ಬಂತು, ಓಡಿ" ಅಂತ ಕೂಗಬೇಕು, ಅದು ಸಭ್ಯತೆ. ನಾನು ಗಾಬರಿಯಲ್ಲಿ ಟೈಪ್ ಮಾಡಿದ್ದು "ಟ್ರ". ಅಷ್ಟರಲ್ಲಿ ಎಂಜಿನ್ ನನ್ನ ಪಕ್ಕಕ್ಕೆ ಬಂದು ನಿಂತು, ಕರ್ತವ್ಯ ಮುಗಿಸಿದವನ ಹಾಗೆ ಎದುರಿಗೆ ನೋಡುತ್ತಾ ನಿಂತಿತು.

ನಾಲ್ಕು ಜನರೂ ಸತ್ತರು. ಪೆಟ್ ಸತ್ತ: "ತಮ್ಮ ಕೆಲಸ ಕೈಗೂಡಿಸಲಾಗಲಿಲ್ಲ, ಮನ್ನಿಸಿ ಮಹಾಪ್ರಭು." ಆಮೇಲೆ ಮಹಾಪ್ರಭುವೂ ಸತ್ತ.

ಇಂಥ ಹೊತ್ತಿನಲ್ಲಿ ನಾನು ಸಮಾಧಾನಕ್ಕೆ ನೆನೆಸಿಕೊಳ್ಳುವುದು ಇನ್ನೊಂದು ಆಟದ ಪೆಟ್‌ಗಳನ್ನು. 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಹಕ್ಕಾರ್ ಅನ್ನುವ ರಾಕ್ಷಸನ ನೆಲೆಯೊಳಗಷ್ಟೇ ಇರಬೇಕಾದ ಒಂದು ರಕ್ತರೋಗ ಊರಿಗೆ ಬಂದುಬಿಟ್ಟಿತು. ಜೊತೆಯಲ್ಲಿದ್ದ ಪೆಟ್‌ಗೆ ರೋಗ ತಗುಲಿದಾಗ ಅದನ್ನು ಮಾಯ ಮಾಡಿ, ಆಮೇಲೆ ಊರಿನ ನಡುವೆ ನಿಂತು ಮತ್ತೆ ಕರೆದರೆ, ಅದು ರೋಗ ಹೊತ್ತುಕೊಂಡೇ ಎದ್ದು ಬರುತ್ತಿತ್ತು. ಚಿಕ್ಕ ಲೆವೆಲಿನವರು ಬೀದಿಬೀದಿಯಲ್ಲಿ ಹೆಣವಾದರು. ಅಂಗಡಿಯಲ್ಲಿ ನಿಂತ ಬೊಂಬೆ ಪಾತ್ರಗಳು ತಾವು ಸಾಯದೆ ಬಂದವರಿಗೆಲ್ಲ ಅಂಟಿಸಿದವು. ಜನ ನಗರ ಬಿಟ್ಟು ಓಡಿದರು. ಕೊನೆಗೆ 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು ನಿಜವಾದ ಸಾಂಕ್ರಾಮಿಕದ ಅಧ್ಯಯನಕ್ಕೆ ಇದರಿಂದ ಏನು ಕಲಿಯಬಹುದು ಅಂತ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಯಾರದೋ ಪೆಟ್ ವಿಜ್ಞಾನಕ್ಕೆ ಕೊಡುಗೆ ಕೊಟ್ಟಿತು. ನನ್ನದು ನಾಲ್ಕು ಜನರನ್ನು ಕೊಂದಿತು, ಪತ್ರಿಕೆಯವರು ಯಾರೂ ಬರಲಿಲ್ಲ.

ಊರ ಬಾಗಿಲಲ್ಲಿ ಬರಿಮೈಯಲ್ಲಿ ಎದ್ದೆ. ಹೆಣ ತರಬೇಕು. ಹೆಣದ ಹತ್ತಿರ ಹೋಗಬೇಕಾದರೆ ಪೆಟ್ ಬೇಕು. ಪೆಟ್ ಕರೆಯಬೇಕಾದರೆ ಮ್ಯಾಲಕೈಟ್ ಬೇಕು. ಮ್ಯಾಲಕೈಟ್ ಎಲ್ಲ ಹೆಣದ ಚೀಲದಲ್ಲಿದೆ. ಕೊಳ್ಳೋಣ ಅಂದರೆ ಕಾಸೂ ಹೆಣದ ಮೇಲೇ. ಬೀಗದ ಕೈಯನ್ನು ಒಳಗೇ ಇಟ್ಟು ಬಾಗಿಲು ಎಳೆದುಕೊಂಡವನ ಸ್ಥಿತಿ. ಕಠಾರಿಯ ಹುಡುಗನೇನಾದರೂ ಸಿಕ್ಕರೆ ಸಾಲ ಕೇಳೋಣವೇ ಅಂತ ಒಂದು ಕ್ಷಣ ಯೋಚಿಸಿದೆ ಅಂದರೆ ನನ್ನ ಪರಿಸ್ಥಿತಿ ನಿಮಗೆ ಅರ್ಥವಾಗಬಹುದು.

ಬೆಟ್ಟ ಹತ್ತಿ ಬಿಲದ ಬಾಯಿಗೆ ಹೋದೆ, ಯಾರಾದರೂ ಕರುಣಾಳು ಇರಬಹುದು ಅಂತ. ಇದ್ದರು, ಒಬ್ಬರೇ. ಕುಳ್ಳಗಿನ ದೇಹ, ಕೈಯಲ್ಲಿ ಗದೆ, ಎದೆಯ ಮೇಲೆ ಲೋಹದ ಕವಚ.

ಆಕೆ ನನ್ನನ್ನು ನೋಡಿದರು. ನಾನು ಒಳಉಡುಪಿನಲ್ಲಿ ನಿಂತಿದ್ದೆ.

ಏನು ಹೇಳಬೇಕು? "ಅವತ್ತು ಒಂದು ಗೆರೆ ತಪ್ಪಿಹೋಯಿತು" ಅಂತ ವಿವರಣೆ ಶುರು ಮಾಡಿ ಅಳಿಸಿದೆ. "ನೀವು ಅಂದುಕೊಂಡ ಹಾಗಲ್ಲ" ಅಂತ ಬರೆದು ಅದನ್ನೂ ಅಳಿಸಿದೆ. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ. ಈಚೆಗೆ ಕೇಳಿಸಿಕೊಂಡು ಮಾತ್ರ ರೂಢಿ. ತಿಂಗಳುಗಟ್ಟಲೆಯಿಂದ ಕಣ್ಣ ಮುಂದೆ ಓಡಾಡಿದ ಕ್ಷಮಾಪಣೆ ಒಂದೇ. ಬೆರಳು ಅದನ್ನೇ ಹೊಡೆಯಿತು:

"ತಮ್ಮ ಕೆಲಸ ಕೈಗೂಡಿಸಲಾಗಲಿಲ್ಲ, ಮನ್ನಿಸಿ ಮಹಾಪ್ರಭು."

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಸಾಲು ಬಂತು. ಮುಂದೆ ಗೆರೆಯಿಲ್ಲದ, ಸುತ್ತಲಿನ ಎಲ್ಲರಿಗೂ ಕೇಳಿಸುವ ಸಾಲು: "ಪೆಟ್ ಫಾಲೋ ಮಿ."

ಹಿಂಬಾಲಿಸಿದೆ. ಆಕೆ ಮುಂದೆ, ನಾನು ಹಿಂದೆ. ಅಡ್ಡ ಬಂದ ನೋಲ್‌ಗಳನ್ನು ಗದೆಯಿಂದ ತಟ್ಟಿ ಮಲಗಿಸುತ್ತಾ ಹೋದರು. ನಾನು ಆಕೆಯ ಬೆನ್ನಿನ ಹಿಂದೆ, ಹೇಳಿದ ಕಡೆ ನಿಂತು, ಕರೆದ ಕಡೆ ನಡೆದೆ. ಗುಂಡಿಯ ಅಂಚು ಬಂತು. ಕೆಳಗೆ ನನ್ನ ಹೆಣ ಕಾಣುತ್ತಿತ್ತು, ಅದರ ಪಕ್ಕ ಆ ನಾಲ್ವರದೂ. ಆಕೆ ಹಿಂದೆ ಮುಂದೆ ನೋಡದೆ ಹಾರಿಬಿಟ್ಟರು.

ನಾನು ಬಗ್ಗಿ ನೋಡಿದೆ. ಮೈಮೇಲೆ ಬಟ್ಟೆಯಿಲ್ಲ, ಜೀವ ಅರ್ಧ. ಇಲ್ಲಿಂದ ಹಾರಿ ಮತ್ತೆ ಸತ್ತರೆ ಎರಡು ಹೆಣ ಆಗುತ್ತದೆ, ಎರಡನ್ನೂ ಹುಡುಕಬೇಕು. ಎಡಗಡೆ ಸುರಂಗದ ದಾರಿ ಇತ್ತು. ಸುತ್ತಿಕೊಂಡು ಹೋದರೆ ತಡವಾದೀತು, ಆದರೆ ಸುರಕ್ಷಿತ ಅನ್ನಿಸಿತು. ಆ ಕಡೆ ತಿರುಗಿ ನಡೆದೆ.

ಮೊದಲ ತಿರುವು ದಾಟಿರಬೇಕು. ಹಿಂದಿನಿಂದ ಒಂದು ಬೊಗಳು ಕೇಳಿಸಿತು. ಆಮೇಲೆ ಎರಡು.

ಕೆಳಗಿನಿಂದ ಆಕೆ ಕೇಳಿದರು: "ಪೆಟ್ ಎಲ್ಲಿ?"